ಬಾಟ್ಲಿ ಯಾತಕ್ಕೆ ಅಂತ ಯಾರೂ ಕೇಳಲಿಲ್ಲ

ಸಾವಿನ ಸುದ್ದಿ ಹೇಳುವಾಗ ನಮ್ಮಜ್ಜಿ ಮೊದಲು ಅಲ್ಲಿ ಯಾರ್ಯಾರಿದ್ದರು ಅನ್ನೋದನ್ನು ಹೇಳುತ್ತಿದ್ದಳು. ಉಳಿದದ್ದೆಲ್ಲ ಆಮೇಲೆ. ನನಗೂ ಅದೇ ರೂಢಿ ಬಂದುಬಿಟ್ಟಿದೆ.

ಶಿಕಾರಿಪುರದ ಕಡೆ, ಮೆಕ್ಕೆಜೋಳ ಮುರಿದಾದ ಮೇಲೆ ಬರೀ ಕೂಳೆ ನಿಂತಿದ್ದ ಒಂದು ಹೊಲದಲ್ಲಿ ಆವತ್ತು ಬೆಳಿಗ್ಗೆ ದಫೇದಾರರೊಬ್ಬರು ಇದ್ದರು, ಅವರ ಜೊತೆಗೊಬ್ಬ ಪೊಲೀಸಿನವನು. ಹೊಲದ ಯಜಮಾನ ಇದ್ದ. ಪಂಚರು ಅಂತ ಕರೆಸಿಕೊಂಡ ಆ ಊರಿನ ನಾಲ್ಕೈದು ಜನ ಬೆಳೆಗಾರರು ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಸತ್ತವನ ತಾಯಿ, ಸತ್ತವನ ಹೆಂಡತಿ, ಅವರಿಬ್ಬರನ್ನು ಸೊರಬದ ಕಡೆಯ ನಮ್ಮೂರಿಂದ ಕರೆದುಕೊಂಡು ಹೋಗಿದ್ದ ನಾನು. ನಮ್ಮದೂ ಅವರದೂ ಗೋಡೆಗೆ ಗೋಡೆ ಸೇರಿದ ಮನೆ. ಇಷ್ಟು ಜನ ಬಿಟ್ಟರೆ ಕುರಿಗಳು. ಹೊತ್ತೇರಿದರೂ ರಾತ್ರಿ ಸುತ್ತ ಕಟ್ಟಿದ ಬಲೆಯೊಳಗೇ ಇದ್ದು, ಹಸಿದು ಒಂದೇ ಸಮ ಅರಚುತ್ತಿದ್ದವು. ಅವನ್ನು ಬಿಚ್ಚಿ ಬಿಡಬೇಕಾದವನು ಕಂಬಳಿ ಮೇಲೆ ಮಲಗಿಬಿಟ್ಟಿದ್ದ.

ಕೊಯ್ಲಾದ ಮೇಲೆ ಹೊಲಕ್ಕೆ ಗೊಬ್ಬರವಾಗಲಿ ಅಂತ ಕುರಿ ಮಂದೆ ನಿಲ್ಲಿಸಿಕೊಳ್ಳುವುದು ಆ ಕಡೆ ಎಲ್ಲ ಉಂಟಷ್ಟೆ. ಅವನು ಹಾಗೇ ಹೊಲದಿಂದ ಹೊಲಕ್ಕೆ ಹೋಗುತ್ತ ಮನೆ ಬಿಟ್ಟು ತಿಂಗಳ ಮೇಲಾಗಿತ್ತು. ಜೊತೆಗಿದ್ದವನು ಜ್ವರ ಅಂತ ಊರಿಗೆ ಹೋಗಿದ್ದ. ಒಬ್ಬನೇ ಮಲಗಿದ್ದವನು ಬೆಳಿಗ್ಗೆ ಏಳಲಿಲ್ಲ. ಬಾಯಲ್ಲಿ ನೊರೆ ಒಣಗಿತ್ತು. ಪಕ್ಕದಲ್ಲಿ ಒಂದು ಔಷಧಿ ಬಾಟ್ಲಿ ಬಿದ್ದಿತ್ತು. ಕೈ, ಅಂಗಿ, ಗಡ್ಡ ಎಲ್ಲ ಆ ಔಷಧಿಯ ನಾತ.

ಪಂಚರು ಒಬ್ಬೊಬ್ಬರೇ ಬಗ್ಗಿ ಮೂಸಿದರು. ಬೆಳೆಗೆ ಹುಳ ಬಿದ್ದಾಗ ಹೊಡೆಯುವ ಮಂದಿ ಅವರು, ಆ ವಾಸನೆ ಅವರಿಗೆ ಹೊಸದಲ್ಲ.

"ಎಣ್ಣೇನೇ ಸಾಹೇಬ್ರ, ಬೆಳೆಗೆ ಹೊಡಿಯೋದು. ಕುಡ್ದಾನ," ಅಂದ ಒಬ್ಬ. ಉಳಿದವರು ಹೂಂಗುಟ್ಟಿದರು.

ದಫೇದಾರರು ಸತ್ತವನ ಹೆಂಡತಿಯ ಕಡೆ ತಿರುಗಿದರು. "ಏನಮ್ಮಾ, ಇತ್ತೀಚೆಗೆ ಮನೇಲಿ ಏನಾದ್ರೂ ಮಾತು ಬಂದಿತ್ತಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಣ್ಣು ಅದು. "ಮೊನ್ನೆ ಫೋನಲ್ಲಿ ಬೈದಿದ್ದೆ ಸಾರ್. ತಿಂಗಳಾತು ಮನೆ ಕಡೆ ತಲೆ ಹಾಕಿಲ್ಲ, ಆ ಕುರೀನೇ ಕಟ್ಕಂಡು ಬಾಳು ಅಂದಿದ್ದೆ."

"ಅದಕ್ಕೆ?"

"ಅದಕ್ಕೆ ಅವರು ನಕ್ಕರು."

ನಕ್ಕದ್ದು ಕಾಗದಕ್ಕೆ ಹೋಗಲಿಲ್ಲ. ಬೈದದ್ದು ಹೋಯಿತು. ದಫೇದಾರರು ಬೈಕಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ನಿಲ್ಲಿಸದೆ ಬರೆದರು. ಬರೆದು ಬರೆದು ಕೈಗೆ ಕೂತ ಸಾಲುಗಳು, ಯೋಚನೆ ಮಾಡುವ ಕೆಲಸವಿರಲಿಲ್ಲ. ಆಮೇಲೆ ಪಂಚರಿಗೆ ಕೇಳುವ ಹಾಗೆ ದೊಡ್ಡ ಗಂಟಲಲ್ಲಿ ಓದಿದರು: ಮೃತನು ತನ್ನ ಹೆಂಡತಿಯು ಬೈದಿದ್ದರಿಂದ ಮನನೊಂದು, ಜೀವನದಲ್ಲಿ ಜಿಗುಪ್ಸೆ ಹೊಂದಿ, ಯಾವುದೋ ವಿಷದ ಔಷಧಿ ಸೇವಿಸಿ...

"ಜಿಗುಪ್ಸೆ ಅಂದ್ರೆ ಏನ್ರಪ್ಪಾ?" ಅಂದಳು ಮುದುಕಿ. ಅಲ್ಲಿಯ ತನಕ ಮಗನ ಪಾದ ಹಿಡಿದುಕೊಂಡು ಕೂತಿದ್ದವಳು.

"ಬಾಳು ಸಾಕಾಗೋದು ಕಣಬೇ," ಅಂದ ಪಂಚರಲ್ಲೊಬ್ಬ, ಮೆತ್ತಗೆ.

"ನನ್ನ ಮಗನಿಗಾ?"

ಮುದುಕಿ ಸೊಸೆಯ ಮುಖ ನೋಡಿದಳು. ಪಾಪ, ಆ ಹುಡುಗಿ ಅದೊಂದು ನೋಟವನ್ನು ಎಷ್ಟು ಕಾಲ ಹೊರಬೇಕಾಯಿತು.

ಹೆಣ ಕೊಯ್ಸಿ, ತಂದು ಮಣ್ಣು ಮಾಡಿ ಆದ ಮೇಲೆ ಅವಳಿಗೆ ತಲೆ ತಿಳಿಯಾಯಿತು ಅಂತ ಕಾಣುತ್ತದೆ. ನಮ್ಮ ಜಗಲಿಗೆ ಬಂದು ನಿಂತಳು. "ಅಣ್ಣಾ, ಅವರು ಫೋನಲ್ಲಿ ಹೇಳಿದ್ರು, ಕುರಿಗೆ ಉಣ್ಣಿ ಜಾಸ್ತಿಯಾಗಿದೆ, ನಾಳೆ ಎಲ್ಲದಕ್ಕೂ ಔಷಧಿ ಹಾಕಿ ಮೈ ತೊಳಿಸ್ತೀನಿ ಅಂತ. ಆ ಬಾಟ್ಲಿ ಅದೇ. ಅಷ್ಟು ಕುರಿ ತೊಳೆದ ಕೈ ಮೂಸಿದ್ರೆ ಏನು ಮಲ್ಲಿಗೆ ವಾಸನೆ ಬರುತ್ತಾ?"

ನಾವೆಲ್ಲ ಬಾಟ್ಲಿ ನೋಡಿದ್ದೆವು. ಯಾತಕ್ಕೆ ತಂದದ್ದು ಅಂತ ಕೇಳಿದವರು ಯಾರೂ ಇಲ್ಲ.

ಅತ್ತೆಗೂ ಅವಳು ಇದನ್ನೇ ಹೇಳಿದಳು. ಮುದುಕಿ ನಂಬಲಿಲ್ಲ. ಅವಳ ಕಾಲದಲ್ಲಿ ಉಣ್ಣಿಗೆ ಹೊಗೆಸೊಪ್ಪು ನೆನೆಸಿದ ನೀರು, ಬೇವಿನೆಣ್ಣೆ ಅಷ್ಟೆ. ಈ ಬಾಟ್ಲಿ ಔಷಧಿ ಬಂದದ್ದು ಮಗನ ಕಾಲಕ್ಕೆ. ಅದನ್ನು ಹಾಕುವುದೆಲ್ಲ ಹೊರಗೆ, ಮಂದೆ ಇದ್ದಲ್ಲಿ, ಗಂಡಸರ ಕೆಲಸ. "ತಪ್ಪಿಸ್ಕಳಕ್ಕೆ ಕಥೆ ಕಟ್ತೀಯೇನೇ? ಸರ್ಕಾರದೋರು ಸುಳ್ಳು ಬರೀತಾರಾ?" ಅಂದವಳು ಹಿಂದಿನ ಕೊಟ್ಟಿಗೆ ಮೂಲೆಯಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ಸೊಸೆ ಕೈಯಿಂದ ಒಂದು ಲೋಟ ನೀರೂ ಇಲ್ಲ. ಒಂದೇ ಸೂರು, ಎರಡು ಹೊಗೆ. ಅದನ್ನು ದಿನಾ ನೋಡಿದವನು ನಾನು.

ಆ ಸಾಲನ್ನು ಪೊಲೀಸರ ಕಾಗದದಿಂದ ತೆಗೆಸಬೇಕು ಅಂತ ಸೊಸೆಯೂ ನಾನೂ ಹೊರಟೆವು. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ, ಇಟ್ಟಿದ್ದರೆ ಸಿಟ್ಟು ಬರುತ್ತಿತ್ತು. ನಮ್ಮ ತಾಲ್ಲೂಕಿನ ಕಚೇರಿಯಲ್ಲಿ, "ಸತ್ತದ್ದು ಆ ಕಡೆ ಅಲ್ವಾ ಮಾರಾಯ್ರೆ, ಅಲ್ಲಿ ಹೋಗಿ" ಅಂದರು. ಆ ಕಡೆ ಹೋದರೆ, "ಲ್ಯಾಬಿಂದ ರಿಪೋರ್ಟ್ ಬರ್ಬೇಕ್ರಿ, ನಮ್ಮ ಕೈಯಾಗ ಏನಿಲ್ಲ." ಯಾವಾಗ ಬರುತ್ತೆ? "ಬಂದಾಗ." ಸಾಹೇಬರು ಬದಲಾದರು, ಬಂದ ಹೊಸಬರಿಗೆ ಮೊದಲಿಂದ ಹೇಳಿದೆವು, ಅವರೂ ಬದಲಾದರು. ಬಯ್ಯುವುದಕ್ಕೂ ಒಬ್ಬ ಮನುಷ್ಯ ನೆಟ್ಟಗೆ ಎದುರಿಗೆ ನಿಲ್ಲಬೇಕಲ್ಲ. ವಾಪಸು ಬರುವಾಗ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಬಸ್ಸಿಗೆ ಕಾಯುತ್ತ ಮಂಡಕ್ಕಿ ತಿನ್ನುವುದು. ಅವಳು ಅರ್ಧ ತಿಂದು ಅರ್ಧ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಅತ್ತೆಗೆ. ಮುಟ್ಟುವುದಿಲ್ಲ ಅಂತ ಗೊತ್ತಿದ್ದೂ.

ಆ ಬಸ್‌ಸ್ಟ್ಯಾಂಡಿನಲ್ಲೇ ಒಂದು ಸಲ ದಫೇದಾರರು ಸಿಕ್ಕರು. ಮಫ್ತಿಯಲ್ಲಿದ್ದರು, ಕೈಯಲ್ಲಿ ಒಂದು ಚೀಲ ತರಕಾರಿ. ಅವಳೇ ಗುರುತು ಹಿಡಿದು ಎದುರಿಗೆ ಹೋಗಿ ನಿಂತಳು.

"ನಾನ್ಯಾರು ಗೊತ್ತಾಯ್ತಾ ಸಾರ್?"

ಅವರಿಗೆ ಗೊತ್ತಾಗಲಿಲ್ಲ. ನಾನು ಹೇಳಿದೆ. ನೆನಪಾಯಿತೋ ಇಲ್ಲವೋ, "ಹಾಂ ಹಾಂ, ಕುರಿ ಕೇಸು" ಅಂದರು.

"ಆ ಬಾಟ್ಲಿ ಕುರಿ ಉಣ್ಣಿಗೆ ತಂದಿದ್ದು ಸಾರ್. ನೀವು ಕೇಳ್ಲೇ ಇಲ್ಲ."

"ಕೇಳಿದ್ನಲ್ಲ ತಾಯಿ."

"ಜಗಳ ಆಗಿತ್ತಾ ಅಂತ ಕೇಳಿದ್ರಿ. ಬಾಟ್ಲಿ ಯಾತಕ್ಕೆ ಅಂತ ಕೇಳ್ಲಿಲ್ಲ."

ದಫೇದಾರರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಕೆಟ್ಟ ಮನುಷ್ಯ ಅಲ್ಲ, ಮುಖದಲ್ಲೇ ಸುಸ್ತು. "ಬಾಟ್ಲಿ ಇತ್ತು, ವಾಸನೆ ಇತ್ತು, ಪಂಚರು ಹೂಂ ಅಂದ್ರು. ಮಧ್ಯಾಹ್ನ ಇನ್ನೊಂದು ಹೆಣ ಕಾಯ್ತಿತ್ತು. ನಾನು ಏನು ಮಾಡ್ಲಿ ಹೇಳಮ್ಮಾ?"

"ಒಂದು ಮಾಡಿ ಸಾರ್. ರಿಪೋರ್ಟ್ ಬಂದ ದಿನ ನೀವೇ ಬಂದು ನಮ್ಮತ್ತೆ ಮುಂದೆ ಓದಿ. ಆವತ್ತು ಓದಿದ್ರಲ್ಲ, ಹಂಗೇ, ಜೋರಾಗಿ."

"ಬರ್ತೀನಿ ತಾಯಿ," ಅಂದರು. ನನಗೂ ತಲೆ ಆಡಿಸಿದರು. ಅವರ ಬಸ್ಸು ಬಂತು.

ಎರಡನೇ ಮಳೆಗಾಲವೂ ಮುಗಿದ ಮೇಲೆ ರಿಪೋರ್ಟ್ ಬಂತು. ಹೊಟ್ಟೆಯಲ್ಲಿ ಯಾವ ವಿಷವೂ ಸಿಕ್ಕಿರಲಿಲ್ಲ. ಎಡಗಾಲಿನ ಪಾದದ ಗಂಟಿನ ಮೇಲೆ ಎರಡು ಚುಚ್ಚುಗಾಯ, ಸುತ್ತ ಬಾವು ಅಂತ ಹೆಣ ಕೊಯ್ದ ದಿನವೇ ಡಾಕ್ಟರು ಬರೆದಿಟ್ಟಿದ್ದರಂತೆ. ಕುರಿ ಕಾಯುವವನ ಕಾಲು, ಮುಳ್ಳು ಇರಬಹುದು ಅಂತ ಅದನ್ನು ಯಾರೂ ಮುಂದಕ್ಕೆ ತೆಗೆದುಕೊಂಡು ಹೋಗಿರಲಿಲ್ಲ. ಈಗ ಎರಡನ್ನೂ ಸೇರಿಸಿ, ಹಾವು ಕಚ್ಚಿ ಸತ್ತಿರಬೇಕು ಅಂತ ಅಭಿಪ್ರಾಯ ಕೊಟ್ಟರು.

"ಸರಿ ಆತಲ್ಲ, ಇನ್ನೇನ್ರಿ?" ಅಂದ ಠಾಣೆಯಲ್ಲಿ ಪ್ರತಿ ಕೊಟ್ಟವನು.

"ಮೊದಲು ಬರೆದದ್ದು ತಪ್ಪು ಅಂತ ಎಲ್ಲಾದ್ರೂ ಬರೆದಿದಾರಾ?" ಕೇಳಿದಳು.

"ಹಂಗೆಲ್ಲ ಬರಿಯಂಗಿಲ್ಲ. ಫೈಲ್ ಕ್ಲೋಸ್ ಮಾಡ್ತಾರ, ಅಷ್ಟ."

ದಫೇದಾರರಿಗೆ ನಾನು ಫೋನು ಮಾಡಿದೆ. ಒಂದು ಸಲ ಎತ್ತಿ, ಭಾನುವಾರ ಬರುತ್ತೇನೆ ಅಂದರು. ಭಾನುವಾರ ಅವಳು ಅಂಗಳ ಸಾರಿಸಿ, ಕುರ್ಚಿ ಹಾಕಿ ಕಾದಳು. ಬರಲಿಲ್ಲ. ಆಮೇಲೆ ಫೋನು ಎತ್ತಲಿಲ್ಲ. ಕೊನೆಗೆ ಆ ಕುರ್ಚಿಯಲ್ಲಿ ನಾನೇ ಕೂತು ಓದಿದೆ. ಜೋರಾಗಿಯೇ ಓದಿದೆ.

ಮುದುಕಿ ಕೊಟ್ಟಿಗೆ ಬಾಗಿಲಲ್ಲಿ ನಿಂತು ಪೂರಾ ಕೇಳಿಸಿಕೊಂಡಳು. "ನೀನು ಓದಿದ್ರೆ ಏನು ಬಂತು ತಮ್ಮಾ," ಅಂದಳು. "ಆವತ್ತು ಓದಿದೋನು ಟೋಪಿ ಹಾಕ್ಕಂಡಿದ್ದ."

ಸೊಸೆ ಕಾಗದ ಮಡಚಿ ದೇವರ ಗೂಡಿನಲ್ಲಿಟ್ಟು ಕುರಿ ಹೊಡೆದುಕೊಂಡು ಹೋದಳು. ಮಾರುವ ಮನಸ್ಸಾಗದೆ ಉಳಿಸಿಕೊಂಡಿದ್ದ ಕುರಿಗಳು. ಸಂಜೆಗೆ ಮನೆಗೇ ತರುತ್ತಿದ್ದಳು. ಹಿಂದಿನ ಕೊಟ್ಟಿಗೆಯಲ್ಲಿ ಆವತ್ತೂ ಬೇರೆ ಹೊಗೆ ಎದ್ದಿತು.

ಬೇಸಿಗೆಯಲ್ಲಿ ಕುರಿಗೆ ಉಣ್ಣಿ ಬಿತ್ತು. ಅವಳು ಔಷಧಿ ತಂದು ಬಕೆಟ್ಟಿನಲ್ಲಿ ಕಲಸಿ, ಅಂಗಳದಲ್ಲೇ ಒಬ್ಬಳೇ ತೊಳೆಯುವುದಕ್ಕೆ ಕೂತಳು. ಒಂದು ಟಗರು ಕೈಗೆ ಸಿಗದೆ ಎರಡು ಸಲ ಬಕೆಟ್ ಒದೆಯಿತು. ಮುದುಕಿ ಎದ್ದು ಬಂದು ಟಗರಿನ ಕೊಂಬು ಹಿಡಿದಳು. ಬಿಡಲಿಲ್ಲ, ಅದಾದ ಮೇಲೆ ಇನ್ನೊಂದು, ಮತ್ತೊಂದು. ಮುಗಿಯುವ ಹೊತ್ತಿಗೆ ಇಬ್ಬರೂ ನೆಂದಿದ್ದರು. ಮುದುಕಿ ಬಚ್ಚಲ ಕಲ್ಲಿನ ಮೇಲೆ ಸೋಪು ಹಚ್ಚಿ ಕೈ ತೊಳೆದಳು, ಮೂಸಿದಳು. ಮತ್ತೆ ತೊಳೆದು ಮತ್ತೆ ಮೂಸಿದಳು. ಸೆರಗು ಮೂಸಿದಳು. ವಾಸನೆ ಹೋಗಿರಲಿಲ್ಲ.

ಆಮೇಲೆ ಒಳಗೆ ಹೋಗಿ ಸೀಗೆಪುಡಿ ತಂದು ಸೊಸೆಯ ಕೈಗೆ ಹಾಕಿ, ತಾನೇ ಚೊಂಬಿನಿಂದ ನೀರು ಹೊಯ್ದಳು. "ಉಜ್ಜು," ಅಂದಳು. "ಇನ್ನೂ ಉಜ್ಜು. ಉಣ್ಣಕ್ಕೆ ಕೂರಬೇಕಲ್ಲ."