ಜೋಜಪ್ಪ ಮೇಷ್ಟ್ರ ಮೂಕ ಗಾಂಧಾರ

ನನಗೆ ಹಾರ್ಮೋನಿಯಂ ಬರುತ್ತದೆ ಎಂದು ಗಾವಡಗೆರೆಯ ನಮ್ಮ ಭಜನೆಯವರು ನಂಬಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಹಾಡುವವರ ದನಿ ಜೋರಾಗಿರುವುದರಿಂದ ಎಲ್ಲರ ಮಾನವೂ ಉಳಿದಿದೆ. ಬಂದಷ್ಟನ್ನು ಕಲಿಸಿದವರು ಹುಣಸೂರಿನ ಕಡೆ ಒಂದು ಸಣ್ಣ ಚರ್ಚಿನಲ್ಲಿ ನಲವತ್ತು ವರ್ಷ ಆರ್ಗನ್ ನುಡಿಸಿದ ಜೋಜಪ್ಪ ಮೇಷ್ಟ್ರು. ನಾನೋ ಹೊಗೆಸೊಪ್ಪು ಬೆಳೆಯುವ ಮನೆಯವನು. ಬೆರಳು ಒರಟು, ಕಿವಿ ಇನ್ನೂ ಒರಟು. ಅಂಥವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ಬತ್ತದೆ ಕಣಪ್ಪ, ಅದೇನೂ ಓಡೋಗಲ್ಲ. ನೀನು ಓಡೋಗಬ್ಯಾಡ, ಅಷ್ಟೇಯ" ಅನ್ನುತ್ತಿದ್ದರು.

ಅವರದು ಕಾಲಿನಿಂದ ತುಳಿದು ಗಾಳಿ ತುಂಬುವ ಹಳೇ ಆರ್ಗನ್. ಸರಿಗಮದ 'ಗ' ಇದೆಯಲ್ಲ, ಗಾಂಧಾರ, ನಡುವಿನ ಆ ಸ್ವರ ಅದರಲ್ಲಿ ಸತ್ತುಹೋಗಿತ್ತು. ಇಲಿ ಕಡಿಯಿತೋ ತುಕ್ಕು ತಿಂದಿತೋ, ಮೇಷ್ಟ್ರು ಬರುವ ಮೊದಲೇ. ಒತ್ತಿದರೆ ಕೀ ಒಳಗೆ ಹೋಗುತ್ತದೆ, ದನಿ ಬರುವುದಿಲ್ಲ. ಮೈಸೂರಿನಿಂದ ಬಂದ ರಿಪೇರಿಯವನು ಕೈಚೆಲ್ಲಿದ. ಆ ಕೀ ತಪ್ಪಿಸಲು ಶ್ರುತಿ ಏರಿಸೋಣವೆಂದರೆ ಹಾಡುವವರ ಗಂಟಲು ಹರಿಯುತ್ತದೆ, ಇಳಿಸಿದರೆ ಗೊಣಗಿದಂತಾಗುತ್ತದೆ. ಮೇಷ್ಟ್ರು ಹಾಡುಗಳನ್ನೇ ಒಂದೊಂದಾಗಿ ಬಗ್ಗಿಸಿದರು. ಗಾಂಧಾರ ಬರುವ ಕಡೆ ಅದರ ಹಿಂದಿನ ರಿಷಭದ ಮೇಲೆ ಒಂಚೂರು ನಿಂತು ಮುಂದಿನ ಮಧ್ಯಮಕ್ಕೆ ಹಾರಿಬಿಡುವುದು. ಎಷ್ಟು ಚೆಂದವಾಗಿ ಹಾರುತ್ತಿದ್ದರೆಂದರೆ, ಜನ ಅದೇ ಅಸಲು ಎಂದುಕೊಂಡು ಹಾಡಿದರು. ಅವರ ಮಕ್ಕಳೂ ಹಾಡಿದರು. ಫಾದರ್ ಬರಬೇಕಾದ ಬಸ್ಸು ದಾರಿಯ ಹ್ಯಾಂಡ್‌ಪೋಸ್ಟ್ ಊರಿನಲ್ಲೇ ಕೆಟ್ಟು ನಿಂತ ಭಾನುವಾರಗಳಲ್ಲಿ ಅರ್ಧ ಗಂಟೆ ಮನಸ್ಸಿಗೆ ಬಂದದ್ದನ್ನು ಅಲ್ಲೇ ಕಟ್ಟಿ ನುಡಿಸುತ್ತಿದ್ದರು. ಆಗಲೂ ಬೆರಳು ಒಂದು ಸಲವಾದರೂ ಆ ಕೀಯನ್ನು ತಾಗಿದ್ದು ನಾನು ಕಾಣೆ. ಅಬ್ಬಾ, ಇದಕ್ಕೆ ಏನನ್ನಬೇಕು ನೀವೇ ಹೇಳಿ!

ಕಳೆದ ವರ್ಷ ಮಂಡಿನೋವಿಂದ ಮೇಷ್ಟ್ರಿಗೆ ತುಳಿಯಲಾಗಲಿಲ್ಲ. ಚರ್ಚಿಗೆ ಹೊಸ ಕೀಬೋರ್ಡು ಬಂತು. ನುಡಿಸಲು ಪಿರಿಯಾಪಟ್ಟಣದ ಶೀಲಾ ಎಂಬ, ಮೈಸೂರಿನಲ್ಲಿ ಸಂಗೀತ ಕಲಿತ ಹುಡುಗಿ ಬಂದಳು. ಮೊದಲ ಅಭ್ಯಾಸದಲ್ಲೇ, "ಇದೇನ್ರೀ, ಹಾಡೆಲ್ಲ ತಪ್ಪು ಹಾಡ್ತೀರಲ್ಲ, ಯಾರು ಕಲ್ಸಿದ್ದು?" ಎಂದಳಂತೆ. ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರ ನಲವತ್ತು ವರ್ಷ ಒಂದೇ ಬೆಳಿಗ್ಗೆಗೆ ತಪ್ಪಾಗಿಬಿಡುವುದೇ? ಮಧ್ಯಮಾವತಿ ರಾಗದಲ್ಲಿ ಗಾಂಧಾರ ಎಲ್ಲಿದೆ? ಇಲ್ಲವಲ್ಲ ಎಂದು ಯಾರಾದರೂ ಜಗಳಕ್ಕೆ ಬಂದಿದ್ದಾರೆಯೇ? ಎಷ್ಟೋ ಕಛೇರಿಗಳು ಮಂಗಳ ಹಾಡಿ ಮುಗಿಯುವುದೇ ಅದರಲ್ಲಿ! ಈ ವಾದವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಭಾನುವಾರ ಚರ್ಚಿಗೆ ಹೋದೆ. ಅವತ್ತು ಅಲ್ಲಿದ್ದವರಲ್ಲಿ ನನ್ನಷ್ಟು ಕೆಟ್ಟ ಉದ್ದೇಶದಿಂದ ಬಂದವರು ಇನ್ನೊಬ್ಬರಿರಲಾರರು.

ಹಾಡು ಶುರುವಾಯಿತು. ಶೀಲಾ ಗಾಂಧಾರ ನುಡಿಸಿದಳು. ಜನ ಎಂದಿನಂತೆ ಅದನ್ನು ಬಿಟ್ಟು ಹಾರಿದರು. ಕೀಬೋರ್ಡು ಒಂದು ಕಡೆ, ಊರು ಒಂದು ಕಡೆ. ನನಗೆ ಒಳಗೊಳಗೇ ಖುಷಿ. ಎರಡನೇ ಚರಣಕ್ಕೆ ಹುಡುಗಿ ತಲೆಯೆತ್ತಿ ಜನರನ್ನು ಕೇಳಿಸಿಕೊಂಡಳು. ಆ ಜಾಗ ಬಂದಾಗ ಬೆರಳೆತ್ತಿ ತಾನೂ ಹಾರಿದಳು.

ಪೂಜೆ ಮುಗಿದ ಮೇಲೆ ಮೇಷ್ಟ್ರು ಕೋಲೂರಿಕೊಂಡು ಅವಳ ಹತ್ತಿರ ಹೋದರು. ಹಿಂದೆಯೇ ನಾನು, ಮಧ್ಯಮಾವತಿ ಸಮೇತ.

"ಸಾರಿ ಸರ್, ನಂಗೆ ಗೊತ್ತಿರ್ಲಿಲ್ಲ. ಇನ್ಮೇಲೆ ನಿಮ್ಮ ಥರಾನೇ ನುಡಿಸ್ತೀನಿ" ಎಂದಳು ಶೀಲಾ.

"ಅಯ್ಯೋ, ಬ್ಯಾಡ ಕಣವ್ವ. ನಂಗೆ ಗತಿ ಇಲ್ದೆ ಹಂಗೆ ನುಡಿಸ್ದೆ. ನಿಂಗೇನಾಗೈತೆ? ಪೂರ್ತಿ ನುಡ್ಸು. ಜನಕ್ಕೆ ನಾನು ಕಲಿಸ್ತೀನಿ ಬುಡು."

ಮೇಷ್ಟ್ರು ನಿಂತಲ್ಲೇ ಬಗ್ಗಿ ಕೀಬೋರ್ಡಿನ ಆ ಒಂದು ಕೀ ಒತ್ತಿ ಹಿಡಿದರು. ಚರ್ಚಿನ ತುಂಬ ಗಾಂಧಾರ. ಬೆರಳು ತೆಗೆಯಲೇ ಇಲ್ಲ. "ಇದನ್ನ ಇಲ್ಲಿ ಕೇಳ್ಬೇಕು ಅಂತ ನಲವತ್ತು ವರ್ಷ ಆಸೆ ಇತ್ತು ಕಣಪ್ಪ" ಎಂದರು ನನ್ನ ಕಡೆ ತಿರುಗಿ. ಕಣ್ಣು ಒದ್ದೆಯಾಗಿತ್ತು, ಅವರದೂ ನನ್ನದೂ.

ಮುಂದಿನ ಭಾನುವಾರ ಮುಂದಿನ ಸಾಲಿನಲ್ಲಿ ನಿಂತು, ತಾವೇ ಕಟ್ಟಿದ್ದನ್ನು ತಾವೇ ತಿದ್ದಿ, ಎಲ್ಲರಿಗಿಂತ ಜೋರಾಗಿ ಹಾಡಿದವರು ಜೋಜಪ್ಪ ಮೇಷ್ಟ್ರು. ಊರೆಲ್ಲ ಅವರ ಹಿಂದೆಯೇ ಗಾಂಧಾರ ಹಿಡಿಯಿತು. ಹಾರಿದವನು ನಾನೊಬ್ಬನೇ.