ತೊಂಬತ್ತು ನಿಮಿಷದ ಬಸ್ಸು

ಇಪ್ಪತ್ತೇಳು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ದುಡಿದ ಯಮುನಮ್ಮನಿಗೆ ನಿವೃತ್ತಿಯಾದ ಮೇಲೆ ಒಂದೇ ತೊಂದರೆ: ಮನೆಯ ನೆಲ ಅಲ್ಲಾಡುತ್ತಿರಲಿಲ್ಲ. ಒಲೆಯ ಮುಂದೆ ನಿಂತರೂ ಎಡಗೈ ತಾನಾಗಿ ಮೇಲೆದ್ದು ಇಲ್ಲದ ಕಂಬಿಯನ್ನು ತಡಕುತ್ತಿತ್ತು. ಸಾರಿಗೆ ಒಗ್ಗರಣೆ ಬಿದ್ದ ಕೂಡಲೇ ಬಾಯಿ ‘ರೈಟ್’ ಎನ್ನುತ್ತಿತ್ತು. ನೆಲ ಅಲ್ಲಾಡದಿದ್ದರೆ ತಾನೇ ಅಲ್ಲಾಡೋಣವೆಂದು ಹೂಡಿಯ ಬೀದಿಗಳಲ್ಲಿ ಬೆಳಿಗ್ಗೆ ನಡೆಯಲು ಹೊರಟಳು. ಮೂರೇ ತಿಂಗಳಲ್ಲಿ ನಡಿಗೆ ಓಟವಾಯಿತು. ಮಹಡಿಯ ಮೇಲೆ ಬಾಡಿಗೆಗಿದ್ದ ದಿವ್ಯಾ ಅದನ್ನು ಕಂಡು ಅವಳನ್ನು ತನ್ನ ಓಟದ ಬಳಗಕ್ಕೆ ಎಳೆದೊಯ್ದಳು.

ಬಳಗದ ಹತ್ತು ಕಿಲೋಮೀಟರ್ ಓಟದ ಭಾನುವಾರ ಬೆಳಗಿನಿಂದಲೇ ಮಳೆ. ಹೂಡಿಯಿಂದ ದೊಡ್ಡನೆಕ್ಕುಂದಿಗೆ ಹೋಗಿ ಮರಳಬೇಕು; ತೊಂಬತ್ತು ನಿಮಿಷದೊಳಗೆ ಮರಳಿದವರಿಗಷ್ಟೇ ಮೆಡಲು. ನಿಧಾನ ಓಡುವ ಏಳು ಜನರನ್ನು ಮುಂದೆ ನಿಂತು ಕರೆದೊಯ್ಯಬೇಕಾದವನು ಜ್ವರವೆಂದು ಮಲಗಿದ್ದ. ಬಳಗದ ಮುಖಂಡ ಉಪೇಂದ್ರ ಒದ್ದೆ ಗಡ್ಡ ಹಿಂಡುತ್ತಾ ಬಂದ.

“ಯಮುನಾ ಆಂಟಿ, ಲಾಸ್ಟ್ ಬಸ್ ನೀವೇ ತಗೊಂಡ್ಹೋಗ್ತೀರಾ?”

ಓಟದವರಲ್ಲಿ ಒಟ್ಟಿಗೆ ಒಂದೇ ವೇಗದಲ್ಲಿ ಓಡುವ ಗುಂಪಿಗೆ ‘ಬಸ್’ ಎಂದು ಹೆಸರು. ಅದು ಯಮುನಮ್ಮನಿಗೆ ಯಾರೂ ಹೇಳಿರಲಿಲ್ಲ. ಬಸ್ಸು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಬೆನ್ನು ನೆಟ್ಟಗಾಯಿತು.

“ಎಷ್ಟು ಜನ?”

“ಏಳು. ಆದ್ರೆ ಆ ಶ್ರೀಕಾಂತ್ ಇದ್ದಾರಲ್ಲ, ಮೂರು ಸಲ ಅರ್ಧಕ್ಕೇ ಆಟೋ ಹತ್ತಿದೋರು. ಅವರು ಕೈ ಕೊಟ್ರೆ ಬಿಟ್ಬಿಡಿ.”

“ದಾರೀಲಿ ಬಿಟ್ಬರೋಕೆ ಅವರೇನು ಲಗೇಜಾ? ಏಳು ಜನಾನೂ ತರ್ತೀನಿ ಕಣಪ್ಪ.”

ಏಳೂ ತಲೆ ಎಣಿಸಿ, ಕೈಗಡಿಯಾರ ನೋಡಿ, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು. “ರೈಟ್!”

ಬಸ್ಸು ಹೊರಟಿತು. ನಾನೂರು ಹೆಜ್ಜೆ ಹೋಗುವಷ್ಟರಲ್ಲಿ ಮೊದಲ ಬಸ್ ಸ್ಟಾಪು ಬಂತು.

“ಹೋಲ್ಡಾನ್!”

ಏಳು ಜನ ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ ಹೊಡೆದು ನಿಂತರು.

“ಏನಾಯ್ತು ಆಂಟಿ?” ಏಳರಲ್ಲಿ ಒಬ್ಬಳಾಗಿದ್ದ ದಿವ್ಯಾ ಗಾಬರಿಯಾದಳು.

“ಸ್ಟಾಪು ಕಣಮ್ಮ.”

“ನಾವು ನಿಜವಾದ ಬಸ್ಸಲ್ಲ ಆಂಟಿ!”

“ಸ್ಟಾಪಲ್ಲಿ ನಿಲ್ಲದೇ ಹೋದ್ರೆ ಜನ ಏನಂತಾರೆ?” ಇಪ್ಪತ್ತು ಎಣಿಸಿ ಸೀಟಿ ಹೊಡೆದಳು. “ರೈಟ್, ರೈಟ್! ಮುಂದೆ ನಡೀರಿ, ಮುಂದೆ ಖಾಲಿ ಐತೆ!”

ಮುಂದೆ ಖಾಲಿಯೇನೋ ಇತ್ತು, ರಸ್ತೆ ಮಾತ್ರ ಇರಲಿಲ್ಲ. ಮೊಣಕಾಲುದ್ದ ಕೆಂಪು ನೀರು ಹರಿಯುತ್ತಿತ್ತು. ಅದರ ಮೇಲೆ ಯಾರದೋ ಒಂಟಿ ಚಪ್ಪಲಿ ಇವರಿಗಿಂತ ವೇಗವಾಗಿ ದೊಡ್ಡನೆಕ್ಕುಂದಿಯ ಕಡೆ ಹೊರಟಿತ್ತು. ಗಾಳಿಗೆ ಮಳೆ ಅಡ್ಡಡ್ಡ ಬಂದು ಕಿವಿಯೊಳಗೆ ಇಳಿಯುತ್ತಿತ್ತು. ಮೂರನೇ ಕಿಲೋಮೀಟರಿಗೆ ಶ್ರೀಕಾಂತನ ಉಸಿರು ಹಳೆಯ ಡೀಸೆಲ್ ಗಾಡಿಯಂತೆ ಕೆಮ್ಮತೊಡಗಿತು. ದೂರದಲ್ಲಿ ಆಟೋ ಕಾಣಿಸಿದ್ದೇ ಅವನ ಮುಖ ಅರಳಿತು.

“ಮೇಡಂ, ನಾನಿಲ್ಲೇ ಇಳ್ಕೊಂಡ್ಬಿಡ್ತೀನಿ.”

“ಇಲ್ಲಿ ಸ್ಟಾಪಿಲ್ಲ. ಮುಂದಿನ ಸ್ಟಾಪಲ್ಲಿ ಇಳೀರಿ.”

ಮುಂದಿನ ಸ್ಟಾಪಿನವರೆಗೆ ಯಾರು ಬೇಕಾದರೂ ಓಡಬಹುದು. ಶ್ರೀಕಾಂತನೂ ಓಡಿದ. ಅಲ್ಲಿ ಇಪ್ಪತ್ತು ಎಣಿಸುವಷ್ಟರಲ್ಲಿ ಅವನಿಗೆ ಉಸಿರು ಮರಳಿತು, ಸೀಟಿ ಕೇಳಿತು, ಇಳಿಯುವುದು ಮರೆತುಹೋಯಿತು. ಮುಂದೆ ಮತ್ತೆ ಕೇಳಿದ, ಅದೇ ಉತ್ತರ ಬಂತು. ಹೀಗೆ ಇಳಿಯುತ್ತೇನೆ, ಇಳಿಯುತ್ತೇನೆ ಎನ್ನುತ್ತಲೇ ದೊಡ್ಡನೆಕ್ಕುಂದಿ ಮುಟ್ಟಿ ತಿರುಗಿಬಿಟ್ಟ.

ಬರುವಾಗ ಒಂದು ಸ್ಟಾಪಿನಲ್ಲಿ ಸೆಕ್ಯೂರಿಟಿ ಸಮವಸ್ತ್ರ ತೊಟ್ಟ ನಂದೀಶ್ ಎಂಬೊಬ್ಬ ಮುರಿದ ಕೊಡೆ ಹಿಡಿದು ನಿಂತಿದ್ದ. ಸೀಟಿ ಕೇಳಿ, ಸಾಲಾಗಿ ನಿಂತವರನ್ನು ನೋಡಿ, ಅವನಿಗೂ ಅನುಮಾನ ಬರಲಿಲ್ಲ.

“ಅಕ್ಕ, ಕುಂದಲಹಳ್ಳಿ ಗೇಟ್ ಹೋಗ್ತದಾ? ಡ್ಯೂಟಿಗೆ ಲೇಟಾಗೋಯ್ತು.”

“ಹೋಗ್ತದೆ. ಬೇಗ ಹತ್ತು!”

ನಂದೀಶ್ ಹತ್ತಿದ, ಅಂದರೆ ಶ್ರೀಕಾಂತನ ಹಿಂದೆ ಓಡತೊಡಗಿದ. ಸ್ವಲ್ಪ ದೂರ ಹೋದ ಮೇಲೆ, “ಸಾರ್, ಒಸಿ ಮುಂದಕ್ಕೋಗಿ” ಎಂದು ತಿವಿದ. ಗೇಟು ಬಂದಾಗ ಬಾಯಿ ತುಂಬ ಥ್ಯಾಂಕ್ಸ್ ಹೇಳಿ ಇಳಿದು, ಟೆಕ್ ಪಾರ್ಕಿನೊಳಗೆ ನಡೆದುಹೋದ.

ಹೂಡಿಯ ಕೊನೆಯ ತಿರುವಿಗೆ ಬಂದಾಗ ಗುರಿಯ ಬ್ಯಾನರು ಕಾಣಿಸಿತು. ನೂರು ಹೆಜ್ಜೆ ಉಳಿದಿತ್ತು, ಅಷ್ಟೇ. ಶ್ರೀಕಾಂತನ ಕಣ್ಣಿನಲ್ಲಿ ಮಳೆಯಲ್ಲದ ನೀರೂ ಬಂತು.

“ಹೋಲ್ಡಾನ್!”

“ಇಲ್ಲಿ ಸ್ಟಾಪಿಲ್ವಲ್ಲ ಮೇಡಂ!” ಎಂದು ಶ್ರೀಕಾಂತ್ ಚೀರಿದ.

“ಮೂರು ನಿಮಿಷ ಮುಂಚೆ ಬಂದಿದೀವಿ. ಟೈಮಿಗೆ ಮುಂಚೆ ಬಸ್ಸು ಒಳಗೋದ್ರೆ ಅದೂ ತಪ್ಪೇ.”

“ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು ದಿವ್ಯಾ. “ತೊಂಬತ್ತು ದಾಟಿದ್ರೆ ಮೆಡಲ್ ಇಲ್ಲ!”

“ದಾಟಲ್ಲ. ನೂರು ಹೆಜ್ಜೆಗೆ ಒಂದು ನಿಮಿಷ. ನಂಗೆ ಲೆಕ್ಕ ಐತೆ.”

ಬ್ಯಾನರಿನ ಕೆಳಗೆ ಉಪೇಂದ್ರ ಎರಡೂ ಕೈ ಬೀಸಿ ಕುಣಿಯುತ್ತಿದ್ದ. ಬನ್ನಿ ಎಂದು ಕೂಗುತ್ತಿದ್ದದ್ದು ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಯಮುನಮ್ಮ ಅದನ್ನು ಸ್ವಾಗತವೆಂದುಕೊಂಡು ತಾನೂ ಕೈ ಬೀಸಿದಳು. ಏಳು ಜನ ನೆನೆದ ಕೋಳಿಗಳಂತೆ ಮುದುರಿ ನಿಂತಿದ್ದರು. ಆದರೆ ಒಬ್ಬರೂ ಅವಳನ್ನು ದಾಟಿ ಓಡಲಿಲ್ಲ. ಹತ್ತು ಕಿಲೋಮೀಟರು ಆ ಸೀಟಿಗೆ ಕಾಲು ಕೊಟ್ಟಿದ್ದವರಿಗೆ ಸೀಟಿಯಿಲ್ಲದೆ ಕಾಲೇ ಏಳಲಿಲ್ಲ.

ಕೈಗಡಿಯಾರದ ಮುಳ್ಳು ನೋಡಿ ಸೀಟಿ ಹೊಡೆದಳು. ಏಳು ಜನ ನೀರು ಸಿಡಿಸುತ್ತಾ ನುಗ್ಗಿದರು. ಬಾಗಿಲಲ್ಲಿ ನಿಂತು ಇಳಿಸುವ ಅಭ್ಯಾಸ ಅವಳದು. ಗೆರೆಯ ಪಕ್ಕ ನಿಂತು, “ನಿಧಾನ, ನಿಧಾನ, ಎಡಗಾಲು ಮೊದಲು” ಎನ್ನುತ್ತಾ ಒಬ್ಬೊಬ್ಬರನ್ನೇ ಒಳಗೆ ಬಿಟ್ಟಳು. ಆರನೆಯವಳು ದಿವ್ಯಾ. ಏಳನೆಯವನು ಶ್ರೀಕಾಂತ್, ಅವನು ಗೆರೆ ದಾಟಿ, ಕುಸಿದು, ನೆಲಕ್ಕೆ ಮುತ್ತಿಟ್ಟ. ಒಳಗೆ ಏಳು ತಲೆಗಳನ್ನೂ ಇನ್ನೊಮ್ಮೆ ಎಣಿಸಿಕೊಂಡ ಮೇಲಷ್ಟೇ ಯಮುನಮ್ಮ ಗೆರೆ ದಾಟಿದಳು.

ಉಪೇಂದ್ರ ಫೋನು ನೋಡಿ ತಲೆ ಕೆರೆದುಕೊಂಡ. “ಆಂಟಿ, ಏಳೂ ಜನ ಒಳಗೆ. ಶ್ರೀಕಾಂತ್ ಕೂಡ, ನಂಬೋಕಾಗ್ತಿಲ್ಲ. ಆದ್ರೆ ನಿಮ್ದು ನಾಲ್ಕು ಸೆಕೆಂಡ್ ಲೇಟು. ರೂಲ್ಸ್ ಪ್ರಕಾರ ನಿಮಗೆ ಮೆಡಲ್…”

“ಅಯ್ಯೋ, ಕಂಡಕ್ಟರ್ ಹತ್ರ ಟಿಕೆಟ್ ಯಾರಪ್ಪ ಕೇಳ್ತಾರೆ?” ಎಂದು ಯಮುನಮ್ಮ ನಕ್ಕಳು. ಅಷ್ಟರಲ್ಲಿ ಇಡ್ಲಿಯ ಮೇಜಿನ ಮುಂದೆ ನೂಕಾಟ ಶುರುವಾಗಿತ್ತು. ಅವಳು ಒದ್ದೆ ದುಪಟ್ಟಾ ಸೊಂಟಕ್ಕೆ ಬಿಗಿದು ಅತ್ತ ಹೊರಟಳು.

“ಏ, ತಳ್ಳಬೇಡ್ರಪ್ಪ! ಲೇಡೀಸ್ ಮುಂದೆ ಬನ್ನಿ, ಜೆಂಟ್ಸ್ ಹಿಂದೆ!”