ಥಂಡಿ ತಾಗಬಾರದ ರಕ್ತ

ಸಿರುಗುಪ್ಪದ ಗಲ್ಲಿಗೆ ಬೆಳಕು ಇನ್ನೂ ಸರಿಯಾಗಿ ಇಳಿದಿಲ್ಲ. ಜನವರಿಯ ಚಳಿ. ಹಂಪಮ್ಮನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಮರಿಬಸಪ್ಪ ಬಿಸಿನೀರಿಗೆ ಮೊಣಕೈ ಅದ್ದಿ ನೋಡುತ್ತಾರೆ, ಹಸುಗೂಸಿಗೆ ನೀರು ಹದ ಮಾಡುವ ಅಜ್ಜಿಯಂತೆ. ಒಂದು ಚೊಂಬು ತಣ್ಣೀರು ಬೆರೆಸಿ ಮತ್ತೆ ಅದ್ದುತ್ತಾರೆ. ಹದಕ್ಕೆ ಬಂದ ನೀರಿನಲ್ಲಿ ಅರ್ಧ ಭಾಗ ಟೀ ಫ್ಲಾಸ್ಕಿಗೆ ಹೋಗುತ್ತದೆ. ಉಳಿದರ್ಧದಲ್ಲಿ ಹಂಪಮ್ಮ ಕೈ ಮುಳುಗಿಸಿ ಕೂರಬೇಕು.

"ಲಗೂನ ಚುಚ್ಚು ಸೊಳ್ಳಿಯಣ್ಣ, ಐವತ್ತು ರೊಟ್ಟಿ ಬಡಿಯಾದು ಐತಿ."

"ಸೊಳ್ಳಿ ಹೇಳದ ಕೇಳದ ಕುಡಿತೈತಿ. ನಾನು ಡಾಕ್ಟರ್ ಚೀಟಿ ತಗಂಡು ಬಂದು ಕುಡಿತೀನಿ. ಕೈ ತೆಗಿಬ್ಯಾಡ, ಇನ್ನೆರಡು ನಿಮಿಷ ಇರ್ಲಿ."

ಹಂಪಮ್ಮನ ಎಡಗೈ ಉಂಗುರ ಬೆರಳಿಗೆ ತುದಿ ಇಲ್ಲ. ನರ ಹುಡುಕುವಾಗ ಮರಿಬಸಪ್ಪ ಆ ಬೆರಳನ್ನು ನೋಡುವುದಿಲ್ಲ.

ಐವತ್ತೆರಡರ ಮರಿಬಸಪ್ಪ ಹುಟ್ಟಿದ್ದು ಕುರುಗೋಡಿನಲ್ಲಿ. ಅಪ್ಪ ಕಲ್ಲು ಒಡೆಯುತ್ತಿದ್ದರು. ಪಿಯುಸಿ ಸೈನ್ಸು ಅರ್ಧಕ್ಕೇ ನಿಂತಾಗ ಬಳ್ಳಾರಿಯ ಲ್ಯಾಬೊಂದರಲ್ಲಿ ಗಾಜಿನ ಕೊಳವೆ ತೊಳೆಯಲು ಸೇರಿ, ಸೂಜಿ ಹಿಡಿಯುವುದನ್ನು ಅಲ್ಲೇ ಕಲಿತರು. ದಿನವೂ ನಸುಕಿಗೇ ರಕ್ತ ತೆಗೆಯಲು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಇಪ್ಪತ್ತು ಮನೆ, ಕೌಲ್ ಬಜಾರಿನಲ್ಲಿ ಎಂಟೋ ಹತ್ತೋ. ಸಕ್ಕರೆ ಕಾಯಿಲೆಯವರು ಇವರು ಬರುವ ತನಕ ಚಹಾ ಮುಟ್ಟುವಂತಿಲ್ಲ. ಐದು ನಿಮಿಷ ತಡವಾದರೂ "ಏನ್ರೀ, ನಮ್ಮನ್ನ ಉಪಾಸ ಕೆಡವಿ ನೀವು ಇಡ್ಲಿ ತಿಂದು ಬಂದ್ರೇನು?" ಎಂಬ ಬೈಗುಳ ಕಾದಿರುತ್ತದೆ. ತಿಂಗಳಿಗೊಂದು ಮಂಗಳವಾರ ಮಾತ್ರ ಆ ಮನೆಗಳನ್ನು ಬೇರೆಯವರಿಗೆ ಒಪ್ಪಿಸಿ, ಮೊದಲ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಬರುತ್ತಾರೆ. ಅದೂ ಒಂದೇ ಮನೆಗೆ.

ಹಂಪಮ್ಮನದು ಲಕ್ಷ ಜನರಲ್ಲಿ ಒಬ್ಬರಿಗೆ ಬಂದರೆ ಬಂತು ಎನ್ನುವಂಥ ಕಾಯಿಲೆ. ಮೈಗೆ ಥಂಡಿ ತಾಗಿದರೆ ರಕ್ತದ ಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತವೆ, ಒಡೆದೂ ಹೋಗುತ್ತವೆ. ಅದಕ್ಕೇ ತಿಂಗಳು ತಿಂಗಳು ಪರೀಕ್ಷೆ. ಹಿಮೋಗ್ಲೋಬಿನ್ ಎಂಟಕ್ಕಿಂತ ಇಳಿದರೆ ದವಾಖಾನೆ ಸೇರಿ ರಕ್ತ ಹಾಕಿಸಿಕೊಳ್ಳಬೇಕು. ಹೋದ ತಿಂಗಳು ಎಂಟೂವರೆಗೆ ಬಂದು ನಿಂತಿತ್ತು.

ಆರು ವರ್ಷದ ಹಿಂದೆ ಹಂಪಮ್ಮ ಬಳ್ಳಾರಿಯಲ್ಲೇ ಇದ್ದರು. ಜೀನ್ಸ್ ಪ್ಯಾಂಟು ತೊಳೆಯುವ ಕೆಲಸ, ದಿನವಿಡೀ ತಣ್ಣೀರಲ್ಲಿ ಕೈ. ಸುಸ್ತೆಂದು ರಕ್ತ ಪರೀಕ್ಷೆಗೆ ಹೇಳಿದಾಗ ಮನೆಗೆ ಹೋಗಿ ಸೂಜಿ ಹಿಡಿದವರು ಮರಿಬಸಪ್ಪ. ಬಳ್ಳಾರಿಯ ಬಿಸಿಲಿಗೆ ಹೆದರಿ ಐಸ್ ಡಬ್ಬಿಯಿಲ್ಲದೆ ಹೊಸ್ತಿಲು ದಾಟದ ಮನುಷ್ಯ ಅವರು, ಆ ಶಿಸ್ತಿನ ಮೇಲೆ ಹೆಮ್ಮೆಯೂ ಇತ್ತು. ಹಂಪಮ್ಮನ ರಕ್ತವನ್ನೂ ಐಸಿನಲ್ಲಿಟ್ಟರು. ಲ್ಯಾಬಿನಿಂದ ಬಂದ ಉತ್ತರ: ಹೆಪ್ಪುಗಟ್ಟಿದೆ, ಮತ್ತೆ ತೆಗೆಯಿರಿ. ಏಳು ತಿಂಗಳಲ್ಲಿ ನಾಲ್ಕು ಸಲ ತೆಗೆದರು, ನಾಲ್ಕು ಸಲವೂ ಅದೇ. "ನೀರು ಕುಡಿಯಂಗಿಲ್ಲ ನೀನು, ಅದಕ್ಕ ರಕ್ತ ಗಟ್ಟಿ" ಎಂದು ಗದರಿದ್ದೂ ಆಯಿತು.

"ಮೂರನೇ ಸಲ ಹೋದಾಗ ಬೆರಳು ತೋರ್ಸಿದ್ಲುರಿ," ಎನ್ನುತ್ತಾರೆ ಮರಿಬಸಪ್ಪ, ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ, ರಕ್ತದ ಕೊಳವೆಯನ್ನು ಬಿಸಿನೀರಲ್ಲಿಟ್ಟ ಫ್ಲಾಸ್ಕನ್ನು ತೊಡೆಗಳ ನಡುವೆ ಅವಚಿಕೊಂಡು. "'ಅಣ್ಣಾ, ನೀಲಿ ಆಗ್ಯಾವ, ಎಷ್ಟು ತೊಳದ್ರೂ ಹೋಗವಲ್ದು' ಅಂದ್ಲು. ಜೀನ್ಸ್ ತೊಳಿಯೋರ ಕೈ ಎಲ್ಲಾರದೂ ನೀಲೀನ ಇರ್ತೈತಲ್ರಿ. 'ಬಳ್ಳಾರಿ ಬಣ್ಣ ಗಟ್ಟಿ ಬೇ, ಹೋಗಂಗಿಲ್ಲ ಬಿಡು' ಅಂತ ನಕ್ಕೆ. ಆಕಿನೂ ನಕ್ಕಳು."

ನಾಲ್ಕನೆಯ ಕೊಳವೆಯನ್ನು ಲ್ಯಾಬಿನ ಹಿರಿಯ ಡಾಕ್ಟರು ಎಸೆಯಲಿಲ್ಲ. ಅಂಗೈಯಲ್ಲಿ ಮುಚ್ಚಿ ಹಿಡಿದು ಬೆಚ್ಚಗೆ ಮಾಡಿದರು. ಗಂಟು ಮೆಲ್ಲಗೆ ಬಿಟ್ಟುಕೊಂಡು ರಕ್ತ ನೀರಾಗಿ ಹರಿದಾಡಿತು. ಪಕ್ಕದಲ್ಲೇ ನಿಂತಿದ್ದ ಮರಿಬಸಪ್ಪನಿಗೆ ನೀಲಿ ಬೆರಳು ನೆನಪಾದದ್ದು ಆಗ. ಆ ಹೊತ್ತಿಗೆ ಉಂಗುರ ಬೆರಳ ತುದಿ ಕಪ್ಪಾಗಿತ್ತು. ಹದಿನೈದು ದಿನದಲ್ಲಿ ಅದನ್ನು ತೆಗೆಯಬೇಕಾಯಿತು.

ದವಾಖಾನೆಯ ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿಬಿಟ್ಟರಂತೆ, ಐಸು, ಗದರಿಕೆ, ನಗು. "ಬೈತಾಳ ಅನ್ಕಂಡಿದ್ದೆ. ಬೈದಿದ್ರ ಚೊಲೋ ಇತ್ತು. 'ನೀನು ಬಣ್ಣ ಅಂದಿ, ಅದಕ್ಕ ಮತ್ತ ನೀರಿಗೆ ಕೈ ಹಾಕಿದ್ನಣ್ಣ' ಅಂದ್ಲು, ಅಷ್ಟ."

ಹಂಪಮ್ಮ ತವರಿಗೆ ಬಂದು ರೊಟ್ಟಿ ಬಡಿಯತೊಡಗಿದರು, ಒಲೆಯ ಮುಂದಿನ ಕೆಲಸ ಅಂತ. ಸಿರುಗುಪ್ಪದಲ್ಲೂ ರಕ್ತ ತೆಗೆಯುವವರಿದ್ದಾರಲ್ಲ ಎಂದು ಕೇಳಿದರೆ ಮರಿಬಸಪ್ಪ ತಲೆ ಕೆರೆದುಕೊಳ್ಳುತ್ತಾರೆ. "ಅದಾರ್ರಿ, ಇಲ್ಲ ಅನ್ನಂಗಿಲ್ಲ." ಫ್ಲಾಸ್ಕಿನ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡುತ್ತಾರೆ.

ಹನ್ನೊಂದಕ್ಕೆ ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಹಂಪಮ್ಮನಿಗೆ ಫೋನು ಮಾಡುತ್ತಾರೆ. "ಹಿಮೋಗ್ಲೋಬಿನ್ ಒಂಬತ್ತಕ್ಕ ಬಂದೈತವ್ವಾ."

"ಹಂಗಾದ್ರ ದವಾಖಾನಿ ಇಲ್ಲಲ್ಲ?"

"ಈ ತಿಂಗ್ಳು ಇಲ್ಲ. ಸ್ವೆಟರ್ ಮಾತ್ರ ಬಿಚ್ಚಬ್ಯಾಡ."

"ಒಲಿ ಮುಂದ ಸ್ವೆಟರ್ ಹಾಕ್ಯಂಡ್ರ ರೊಟ್ಟಿಗಿಂತ ಮೊದ್ಲ ನಾನ ಬೇಯ್ತೀನಿ," ಎಂದು ಆಕೆ ಫೋನಿಡುತ್ತಾರೆ. ಮರಿಬಸಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ.

"ಸೂಜಿ ಹಾಕಾದು ಕಲ್ತು ಇಪ್ಪತ್ತೆಂಟು ವರ್ಷ ಆತ್ರಿ," ಎನ್ನುತ್ತಾರೆ. "ಮಂದಿ ಹೇಳಾದನ್ನ ಕೇಳಾದು ಕಲ್ತು ಆರು ವರ್ಷ. ಒಂದು ವರ್ಷ ಮೊದ್ಲ ಕಲ್ತಿದ್ರ ಸಾಕಿತ್ತು."